ರಾಹುಕಾಲ ಸಾಹೇಬರಿಗೆ ಬುಲೆಟ್ ಮೇಲಿಂದ ಒಂದು ದೂರು

ಗೋಡೆಗೊಂದರಂತೆ ತೂಗುವ ಸಕಲ ಕ್ಯಾಲೆಂಡರುಗಳ ನಿವಾಸಿ, ದಿನಕ್ಕೆ ಒಂದೂವರೆ ತಾಸಿನ ಸಾರ್ವಭೌಮ, ಶ್ರೀಮಾನ್ ರಾಹುಕಾಲ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಹಾವೇರಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ಪದ್ಮಜಾ ಎಂಬ ನಾನು, ಕೈಗವಸು ಕಳಚಿ, ಎರಡೂ ಕೈ ಜೋಡಿಸಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾನು ಕ್ಷೇಮ, ತಾವೂ ಕ್ಷೇಮವೆಂದು ನಂಬಿದ್ದೇನೆ. ತಮಗೆ ಒಂದು ದಿನವಾದರೂ ನೆಗಡಿ ಬಂದು ಮಲಗಲಿ ಎಂದು ನಾನು ಈಚೆಗೆ ಹಲವು ಸಲ ಹಾರೈಸಿದ್ದುಂಟು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದಾಗಿ ವಿನಂತಿ.

ಮೊದಲು ತಮ್ಮ ಗುಣಗಾನ ಮಾಡದಿದ್ದರೆ ನನ್ನ ನಾಲಿಗೆಗೆ ಶಾಂತಿಯಿಲ್ಲ. ನಮ್ಮ ಜಿಲ್ಲೆಯಲ್ಲಿ ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಎದ್ದು ಹೋಗುವ ಅಧಿಕಾರಿ ಯಾರಾದರೂ ಇದ್ದರೆ ಅದು ತಾವೊಬ್ಬರೇ. ತಮಗೆ ವರ್ಗಾವಣೆಯಿಲ್ಲ, ನಿವೃತ್ತಿಯಿಲ್ಲ, ಊಟಕ್ಕೆ ಹೋಗಿದ್ದಾರೆ ಎಂದು ಹೇಳುವ ಜವಾನನಿಲ್ಲ. ಪುರಾಣದ ಪ್ರಕಾರ ತಮಗೆ ರುಂಡ ಮಾತ್ರ ಉಂಟು, ಮುಂಡವೆಲ್ಲ ಕೇತು ಸಾಹೇಬರ ಪಾಲಿಗೆ ಹೋಗಿದೆ. ಹೀಗಾಗಿ ದೂರ ಪ್ರಯಾಣಕ್ಕೆ ತಮಗೆ ಹೆಲ್ಮೆಟ್ ಒಂದಿದ್ದರೆ ಸಾಕು, ಜಾಕೆಟ್ಟು, ಬೂಟು, ಮೊಣಕಾಲಿನ ಪಟ್ಟಿ ಇವುಗಳ ಚಿಂತೆಯಿಲ್ಲ. ನನಗೆ ಇವೆಲ್ಲ ಬೇಕಾದವು, ಮತ್ತು ಇವುಗಳಲ್ಲಿ ಒಂದನ್ನೂ ತಮ್ಮ ಅಪ್ಪಣೆಯಿಲ್ಲದೆ ಕೊಳ್ಳಲಾಗಲಿಲ್ಲ.

ಪ್ರಯಾಣದ ಉದ್ದೇಶ ತಮಗೆ ಅರಿಕೆ ಮಾಡುತ್ತೇನೆ. ಕೆಲಸಕ್ಕೆ ಸೇರಿದಂದಿನಿಂದ ನಾನು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬ್ರಹ್ಮಪುತ್ರಾ ನದಿಯನ್ನು ಎಳೆಯುತ್ತ ಬಂದಿದ್ದೇನೆ. ಅದು ಎಲ್ಲಿ ಹುಟ್ಟಿ, ಎಲ್ಲಿ ತಿರುಗಿ, ಎಷ್ಟು ಅಗಲವಾಗುತ್ತದೆ ಎಂದು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲೆ. ಆದರೆ ನಾನು ಕಣ್ಣಾರೆ ಕಂಡ ಅತಿ ದೊಡ್ಡ ನೀರೆಂದರೆ ಕುಮಾರಪಟ್ಟಣದ ಹತ್ತಿರದ ತುಂಗಭದ್ರೆ. ಈ ದಸರೆಯ ರಜೆಗೆ ಕೂಡಿಟ್ಟ ರಜೆಯನ್ನೆಲ್ಲ ಸೇರಿಸಿ, ಬುಲೆಟ್ ಮೇಲೆ ಒಬ್ಬಳೇ ಹೋಗಿ ಆ ನದಿಯ ದಂಡೆಯ ಮೇಲೆ ನಿಲ್ಲಬೇಕೆಂದು ನಿಶ್ಚಯ ಮಾಡಿದೆ. ಮುಂದಿನ ವರ್ಷ ನೋಡೋಣವೆಂದರೆ, ನನ್ನ ಎಡಗಡೆಯ ಮೊಣಕಾಲು ಮುಂದಿನ ದಸರೆಯ ಬಗ್ಗೆ ಯಾವ ಭರವಸೆಯನ್ನೂ ಕೊಡಲು ಸಿದ್ಧವಿಲ್ಲ.

ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಮ್ಮ ಮನೆಯಲ್ಲಿ ಬೇಡವೆನ್ನುವ ಪದ್ಧತಿಯೇ ಇಲ್ಲ, ತಾವಿರುವಾಗ ಅದರ ಅವಶ್ಯಕತೆಯಾದರೂ ಏನು? ನನ್ನ ಯಜಮಾನರಾದ ರಘೋತ್ತಮರು ಬಹಳ ಸೌಮ್ಯ ಸ್ವಭಾವದವರು. ಟೆಂಟ್ ನೋಡಲು ಹುಬ್ಬಳ್ಳಿಗೆ ಹೋಗೋಣವೇ ಎಂದರೆ ರಾಹುಕಾಲ ಮುಗಿಯಲಿ ಎನ್ನುವರು. ಅದು ಮುಗಿದರೆ ಊಟ, ಊಟವಾದರೆ ನಿದ್ದೆ, ನಿದ್ದೆಯಾದರೆ ಬಸ್ಸು ಸಿಗುವುದಿಲ್ಲ. ರಾಣೆಬೆನ್ನೂರಿನ ಮೆಕ್ಯಾನಿಕ್ ಗೂಡುಸಾಬರ ಗ್ಯಾರೇಜಿನಲ್ಲಿ ನಾನು ರವಿವಾರಕ್ಕೊಮ್ಮೆ ಪಂಕ್ಚರ್ ತಿದ್ದುವುದು, ಕ್ಲಚ್ ವೈರ್ ಬದಲಿಸುವುದು ಕಲಿಯುತ್ತಿದ್ದೆ. ಯಜಮಾನರು ಜೊತೆಗೆ ಬಂದು ಬಾಕಿನ ಮೇಲೆ ಕುಳಿತು ಗಡಿಯಾರ ಕಾಯುತ್ತಿದ್ದರು. ಬಿಸಿಲು ತಣ್ಣಗಾಗಿ ಹಲಗೇರಿ ರಸ್ತೆಯಲ್ಲಿ ಗಾಡಿ ಓಡಿಸಲು ಹದವಾಯಿತೆನ್ನುವಷ್ಟರಲ್ಲಿ ತಾವು ಹಾಜರು! ರವಿವಾರ ಸಂಜೆಯನ್ನೇ ಆರಿಸಿಕೊಂಡ ತಮ್ಮ ಅಭಿರುಚಿಗೆ ನಾನು ತಲೆಬಾಗುತ್ತೇನೆ. ಒಂದು ಸಲ ಶುಕ್ರವಾರ ರಜೆ ಸಿಕ್ಕಿತೆಂದು ಓಡಿದರೆ, ತಾವು ಎದ್ದು ಹೋಗುವ ಹೊತ್ತಿಗೆ ಗೂಡುಸಾಬರು ನಮಾಜಿಗೆ ಎದ್ದರು.

ಇಲ್ಲಿ ಕೆಲವು ಅಲ್ಪ ಬೇಡಿಕೆಗಳನ್ನು ಮುಂದಿಡಲು ಅನುಮತಿಯಾಗಬೇಕು. ತಾವು ತಮ್ಮ ಕಚೇರಿಯ ವೇಳೆಯನ್ನು ನಸುಕಿನಲ್ಲಿ ಎಲ್ಲರೂ ಗೊರಕೆ ಹೊಡೆಯುವ ಹೊತ್ತಿಗೆ ಬದಲಾಯಿಸಿಕೊಳ್ಳಬಹುದೇ? ಅದು ಆಗದಿದ್ದರೆ ಬಡ್ತಿ ಪಡೆದು ಶನಿಗ್ರಹಕ್ಕೆ ಹೋಗಬಹುದೇ, ಅಲ್ಲಿ ಉಂಗುರದ ಸುತ್ತ ಬೇಕಾದಷ್ಟು ಜಾಗವಿದೆ. ಅದೂ ಆಗದಿದ್ದರೆ, ತಾವೇ ಒಂದು ದಿನ ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಮೋಟೆಬೆನ್ನೂರಿನ ತನಕ ಬಂದು ನೋಡಬೇಕು. ಗಾಳಿ ಮುಖಕ್ಕೆ ಬಡಿದಾಗ ಎಂಥ ಆನಂದವಾಗುತ್ತದೆಂದರೆ, ತಮಗೆ ಇರುವುದೇ ಮುಖವೊಂದಾದ್ದರಿಂದ ಪೂರ್ತಿ ಆನಂದ ತಮಗೇ ಸಿಕ್ಕೀತು.

ಈಗ ದೂರಿನ ತಿರುಳಿಗೆ ಬರುತ್ತೇನೆ. ನನ್ನ ಅತ್ತೆಯವರಾದ ಅನಸೂಯಾಬಾಯಿಯವರು ಪಂಚಾಂಗ ತೆಗೆದು, ಹೊರಡಲು ಶುಕ್ರವಾರ ಬೆಳಗಿನ ಮುಹೂರ್ತವೇ ಪ್ರಶಸ್ತವೆಂದರು. ನನಗೋ ಶನಿವಾರದ ತನಕ ಪರೀಕ್ಷೆಯ ಪೇಪರು ತಿದ್ದುವ ಕೆಲಸ. ಇಂಥ ಇಕ್ಕಟ್ಟಿಗೆ ನಮ್ಮ ಮನೆತನಗಳಲ್ಲಿ ಪ್ರಸ್ಥಾನವೆಂಬ ಉಪಾಯವಿರುವುದು ತಮಗೆ ತಿಳಿದದ್ದೇ. ಮುಹೂರ್ತಕ್ಕೆ ಮನುಷ್ಯ ಹೊರಡಲಾಗದಿದ್ದರೆ, ಅವನು ಪ್ರಯಾಣಕ್ಕೆ ಒಯ್ಯುವ ಒಂದು ವಸ್ತುವನ್ನು ಆ ಹೊತ್ತಿಗೆ ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಆಮೇಲೆ ಆ ವಸ್ತು ಮನೆಗೆ ಮರಳುವಂತಿಲ್ಲ, ಮನುಷ್ಯ ಹೋಗಿ ಅದನ್ನು ತೆಗೆದುಕೊಂಡು ಹಾಗೆಯೇ ಮುಂದೆ ಹೋಗಬೇಕು. ಅತ್ತೆಯವರು ಎಲ್ಲ ಬಿಟ್ಟು ನನ್ನ ಹೆಲ್ಮೆಟ್ಟನ್ನು ಆರಿಸಿ, ಮಗನ ಕೈಗೇ ಕೊಟ್ಟು, ಬ್ಯಾಡಗಿಯಲ್ಲಿರುವ ಮಗಳು ಶ್ರೀವಾಣಿಯ ಮನೆಗೆ ಕಳಿಸಿದರು. ನಾನು ಹೋಗಬೇಕಾದದ್ದು ಉತ್ತರಕ್ಕೆ, ಬ್ಯಾಡಗಿ ಇರುವುದು ದಕ್ಷಿಣಕ್ಕೆ ಎಂದು ಭೂಗೋಳದ ಶಿಕ್ಷಕಿಯಾಗಿ ನಾನು ಆಕ್ಷೇಪಿಸಿದೆ. ಭೂಮಿ ಗುಂಡಗಿದೆ ಎಂದು ಕಲಿಸುವವಳು ನೀನೇ ಅಲ್ಲವೇ ಎಂದು ಯಜಮಾನರು ಬಾಯಿ ಮುಚ್ಚಿಸಿದರು.

ಶ್ರೀವಾಣಿಯದು ಮೆಣಸಿನಕಾಯಿ ವ್ಯಾಪಾರದ ಮನೆ ಮತ್ತು ಬಹಳ ಸಂಪ್ರದಾಯದ ಮನೆ. ಬೇರೆಯವರ ಪಾತ್ರೆಯನ್ನು ಖಾಲಿಯಾಗಿ ಮರಳಿಸಬಾರದೆಂಬ ರೀತಿಯನ್ನು ಆಕೆ ಜನ್ಮದಲ್ಲಿ ಮುರಿದವಳಲ್ಲ. ಬೋರಲು ಬಿದ್ದ ಹೆಲ್ಮೆಟ್ಟನ್ನು ಎತ್ತಿ ಅಂಗಾತ ಇಟ್ಟು ನೋಡಿದಾಗ ಅದು ಆಕೆಗೆ ಒಳ್ಳೆಯ ಆಳವಾದ ಪಾತ್ರೆಯಂತೆಯೇ ಕಂಡಿತು. ಅಸ್ಸಾಮಿನಲ್ಲಿ ಅತ್ತಿಗೆಗೆ ಸಪ್ಪನೆಯ ಊಟ ಸಿಕ್ಕೀತೆಂದು ಮರುಗಿ, ಹೊಸದಾಗಿ ಕುಟ್ಟಿಸಿದ ಖಾರದಪುಡಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ, ಹೆಲ್ಮೆಟ್ಟಿನ ತುಂಬ ಅಮುಕಿ, ಮೇಲೊಂದು ಅಡಿಕೆ ಇಟ್ಟು ದೇವರ ಮುಂದೆ ಕೂಡಿಸಿದಳು. ಅಸ್ಸಾಮಿನ ಮೆಣಸಿನಕಾಯಿಗೆ ಖಾರದಲ್ಲಿರುವ ಜಗತ್ಕೀರ್ತಿಯನ್ನು ಆಕೆಗೆ ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ.

ರವಿವಾರ ನಾವು ಮೂವರೂ ಬಸ್ಸಿನಲ್ಲಿ ಬ್ಯಾಡಗಿಗೆ ಹೋದೆವು. ಸೋಮವಾರ, ಅಂದರೆ ಈ ದಿನ, ನಸುಕಿನಲ್ಲಿ ಗೂಡುಸಾಬರು ಸರ್ವಿಸ್ ಮುಗಿಸಿದ ನನ್ನ ಬುಲೆಟ್ಟನ್ನು ರಾಣೆಬೆನ್ನೂರಿನಿಂದ ತಂದು ಬಾಗಿಲ ಮುಂದೆ ನಿಲ್ಲಿಸಿದರು. ಅತ್ತೆಯವರು ಕುಂಕುಮ ಹಚ್ಚಿ ಅಂಗೈಗೆ ಮೊಸರು ಸಕ್ಕರೆ ಹಾಕಿದರು. ಶ್ರೀವಾಣಿ ಪುಡಿಯ ಗಂಟನ್ನು ತೆಗೆದು ನನ್ನ ಚೀಲಕ್ಕೆ ಸೇರಿಸಿ, ಹೆಲ್ಮೆಟ್ಟನ್ನು ಎರಡೂ ಕೈಯಿಂದ ನನ್ನ ತಲೆಗೇರಿಸಿದಳು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದು ನಾನು ವರ್ಷವೂ ಪಾಠ ಮಾಡುತ್ತೇನೆ. ಆ ಪಾಠವನ್ನು ಈ ಮೂಲಕ ಹಿಂಪಡೆದಿದ್ದೇನೆ.

ನಾನು ಸೀನಿದೆ. ಹೊರಡುವಾಗ ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬುದು ತಮ್ಮ ಇಲಾಖೆಯದೇ ಸುತ್ತೋಲೆಯಿರಬೇಕು. ಯಜಮಾನರು ಒಂದು ಎಂದು ಗಟ್ಟಿಯಾಗಿ ಎಣಿಸಿದರು. ಎರಡಾಯಿತು, ಎಲ್ಲರೂ ಹರ್ಷಪಟ್ಟರು. ಮೂರಾಯಿತು, ಮರುಗಿದರು. ಅಲ್ಲಿಂದ ಮುಂದೆ ನಾನು ಹಳೆಯ ಪಂಪ್‌ಸೆಟ್ಟಿನ ಹಾಗೆ ಶುರುವಾದೆ, ಹೆಲ್ಮೆಟ್ಟು ತೆಗೆದು ಕೊಡವಿದ್ದೇ ತಡ ಅಂಗಳಕ್ಕೆ ಅಂಗಳವೇ ಸೀನತೊಡಗಿತು. ಎಣಿಸುವವನೇ ಸೀನಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ, ಶ್ರೀವಾಣಿ ಹೊಸ್ತಿಲೊಳಗೆ ಅರ್ಧ, ಹೊರಗೆ ಅರ್ಧ ಸೀನಿದ್ದು ಯಾವ ಖಾತೆಗೆ, ಗೂಡುಸಾಬರ ಸೀನು ನಮ್ಮ ಪಂಚಾಂಗಕ್ಕೆ ಬರುತ್ತದೆಯೇ ಎಂದು ಕಣ್ಣೀರು ಸುರಿಸುತ್ತಲೇ ಘನವಾದ ಚರ್ಚೆ ನಡೆಯಿತು. ಗಾಡಿ ಬಿಸಿಯಾಗಿದೆ ಎಂದು ಗೂಡುಸಾಬರು ಎರಡು ಸಲ ನೆನಪಿಸಿದರು. ನಲ್ಲಿಯ ಕೆಳಗೆ ಹೆಲ್ಮೆಟ್ ತೊಳೆದು, ಒಳಗಿನ ಸ್ಪಂಜು ಹಿಂಡಿ, ಒರೆಸಿ ತರುವಷ್ಟರಲ್ಲಿ ತಾವು ಬಂದಿರಿ.

ಯಜಮಾನರ ಮುಖದಲ್ಲಿ ಎಂಥ ನೆಮ್ಮದಿ ಮೂಡಿತೆಂದು ತಾವು ನೋಡಬೇಕಿತ್ತು. ಇಷ್ಟೆಲ್ಲ ಸೀನಾದ ಮೇಲೆ ರಾಹುಕಾಲವೂ ಬಂತು, ಇವತ್ತಿಗೆ ಇರಲಿ ಎನ್ನುತ್ತ ನನ್ನ ಚೀಲ ಬಿಗಿದ ಹಗ್ಗವನ್ನು ಬಿಚ್ಚಲು ಕೈಹಾಕಿದರು. ನಾಳೆ ಮಂಗಳವಾರ, ನಾಡಿದ್ದು ಬುಧವಾರ, ಎರಡೂ ದಿನ ಉತ್ತರ ದಿಕ್ಕಿಗೆ ಹೋಗಬಾರದು, ಗುರುವಾರ ನೋಡೋಣ ಎಂದರು. ಆ ನೋಡೋಣ ನನಗೆ ಚೆನ್ನಾಗಿ ಗೊತ್ತು. ಆ ಹಗ್ಗ ಬಿಚ್ಚಿದರೆ ಬ್ರಹ್ಮಪುತ್ರಾ ನನ್ನ ಪಾಲಿಗೆ ಹಲಗೆಯ ಮೇಲೆಯೇ ಉಳಿಯುತ್ತಿತ್ತು.

ಅಲ್ಲಿಯ ತನಕ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅತ್ತೆಯವರು ಆಗ ಬಾಯಿ ತೆರೆದರು. “ರಘೂ, ಹಗ್ಗಾ ಬಿಡು. ರಾಹುಕಾಲ, ಸೀನು, ದಿಕ್ಕು ಎಲ್ಲಾ ಮನಿ ಬಿಡೋರಿಗೆ. ಆಕಿ ಶುಕ್ರವಾರನ ಮನಿ ಬಿಟ್ಟಾಳ, ನೀನ ನಿನ್ನ ಕೈಯಿಂದ ಇಟ್ಟು ಬಂದೀದಿ. ಈಗ ಆಕಿ ಹಾದ್ಯಾಗಿದ್ದಾಳ. ಹಾದ್ಯಾಗ ಇದ್ದೋರನ್ನ ತಿರುಗಿ ಕರೀಬಾರದು.”

ಸಾಹೇಬರೇ, ಯಜಮಾನರ ಕೈ ಹಗ್ಗದ ಮೇಲೆಯೇ ನಿಂತುಬಿಟ್ಟಿತು. ಅತ್ತೆಯವರು ಮುಹೂರ್ತವೆಂದದ್ದು, ಪ್ರಸ್ಥಾನವೆಂದದ್ದು, ಅದನ್ನು ಮಗನ ಕೈಗೇ ಕೊಟ್ಟು ಕಳಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಅತ್ತುಬಿಟ್ಟೆ. ಖಾರಕ್ಕೆ ಅಳುತ್ತಾಳೆಂದು ಶ್ರೀವಾಣಿ ಮತ್ತೆ ನೀರು ತಂದಳು.

ತಮ್ಮ ಆಡಳಿತ ಶುರುವಾದ ಹೊಸತರಲ್ಲೇ ನಾನು ಕಿಕ್ ಹೊಡೆದೆ, ಗಾಡಿ ಒಂದೇ ಏಟಿಗೆ ಎದ್ದಿತು. ಪ್ರಸ್ಥಾನ ಇಟ್ಟವಳು ಮನೆಗೆ ಮರಳಬಾರದಾದ್ದರಿಂದ ನನ್ನದೇ ಹಾವೇರಿಯನ್ನು ಪರವೂರಿನವಳ ಹಾಗೆ ಬೈಪಾಸಿನಲ್ಲಿ ದಾಟಿದೆ, ದಾಟುವಾಗ ಏನೇನೋ ಹಾಡಿದೆ, ಲಾರಿಯವನೊಬ್ಬ ಹಾರ್ನ್ ಹೊಡೆದರೆ ನಾನೂ ಹೊಡೆದೆ. ಈಗ ಊರು ದಾಟಿದೊಡನೆ ಸಿಕ್ಕ ಒಂದು ಚಹಾದಂಗಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ, ತಾವಿನ್ನೂ ಕರ್ತವ್ಯದಲ್ಲಿದ್ದೀರಿ. ಮೂಗು ಉರಿಯುತ್ತಿದೆ, ಮುಖ ಕೆಂಪಾಗಿದೆ, ಇಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ. ನನ್ನ ದೂರು ಇಷ್ಟೇ: ಇಷ್ಟು ವರ್ಷ ತಮ್ಮ ಹೆಸರು ಹೇಳಿ ನನ್ನನ್ನು ಹೊಸ್ತಿಲೊಳಗೆ ಕೂಡಿಸುವಾಗ, ಇವಳನ್ನು ಬಿಡಿ ಎಂದು ತಾವೇ ಒಂದು ಮಾತು ಹೇಳಬಹುದಿತ್ತು. ಅದನ್ನು ಹೇಳಲು ನನ್ನ ಅತ್ತೆಯವರೇ ಬೇಕಾಯಿತು.

ತಮ್ಮ ಮುಂದಿನ ಪಾಳಿಯ ಹೊತ್ತಿಗೆ ಬೇರೆ ಜಿಲ್ಲೆಯಲ್ಲಿರಲಿರುವ,
ತಮ್ಮ ವಿಶ್ವಾಸಿ,
ಪದ್ಮಜಾ

ತಾ.ಕ.: ಯಜಮಾನರು ಈಗಷ್ಟೇ ಫೋನ್ ಮಾಡಿದ್ದರು. ತಾವು ಮುಗಿಯುವ ತನಕ ಹಾವೇರಿಯ ಬಸ್ಸು ಹತ್ತುವಂತಿಲ್ಲವೆಂದು ಶ್ರೀವಾಣಿಯ ಕಟ್ಟೆಯ ಮೇಲೆ ಕುಳಿತಿದ್ದಾರಂತೆ, ದಯವಿಟ್ಟು ಬೇಗ ಬಿಟ್ಟುಕೊಡಿ. ಇನ್ನೊಂದು ಸಂಗತಿ. ಶುಕ್ರವಾರ ಹೆಲ್ಮೆಟ್ಟಿನ ಜೊತೆಗೆ ಅತ್ತೆಯವರು ಮಗಳಿಗೆಂದು ಕಳಿಸಿದ್ದ ಗಂಟಿನಲ್ಲಿ ಅವರವೇ ಎರಡು ಸೀರೆ ಇದ್ದವೆಂಬುದು ಈಗ ಬಯಲಾಗಿದೆ. ಎಲ್ಲಿಗೆ ಹೊರಟಿದ್ದೀ ಎಂದು ಮಗ ಕೇಳಿದರೆ ಹೇಳಲೊಲ್ಲರಂತೆ, ಬುಲೆಟ್ಟಿಗೆ ಸೈಡ್‌ಕಾರ್ ಕೂಡಿಸಲು ಬರುತ್ತದೆಯೇ ಎಂದು ಗೂಡುಸಾಬರನ್ನು ವಿಚಾರಿಸುತ್ತಿದ್ದಾರಂತೆ. ತಾವು ಈಗಲೇ ದೀರ್ಘ ರಜೆಯ ಅರ್ಜಿ ಹಾಕಿಕೊಳ್ಳುವುದು ತಮ್ಮ ಮರ್ಯಾದೆಗೆ ಒಳ್ಳೆಯದು.