ಅನೆಸ್ತಿಸನ ಚಪ್ಪರಕ್ಕೆ ಬಂದ ನೋಟೀಸು

ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಕಾಫಿ ಅಂಗಡಿ ತೆರೆಯಲು ಬಂದ ಅನೆಸ್ತಿಸನಿಗೆ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದು ಕಾಣಿಸಿತು. ಅಂಟು ಇನ್ನೂ ಹಸಿಯಾಗಿತ್ತು. ಮೇಲ್ಗಡೆ 12 ಎಂಬ ಅಂಕಿ, ಕೆಳಗಡೆ ಪುರಸಭೆಯ ನೇರಳೆ ಮೊಹರು, ನಡುವೆ ಹೀಗೊಂದು ಒಕ್ಕಣೆ:

‘ಚಿರಕಾಲಪರ್ಯಂತಂ ಪ್ರತಿಷ್ಠಿತಮಾಗಿರ್ದ ಪ್ರಾಕ್ತನ ಗೀರ್ವಿನ್ಯಾಸಮಂ ಅದ್ಯಪ್ರಭೃತಿ ನಿರಸನಂಗೈದು, ಸಮಸ್ತ ಪೌರಜನಂಗಳ್ ತದನುಸಾರಂ ಪ್ರವರ್ತಿಸತಕ್ಕುದೆಂದು ಆಜ್ಞಾಪಿಸಲ್ಪಟ್ಟುದಾಗಿರ್ಪುದು.’

ಅನೆಸ್ತಿಸ್ ಮೂರು ಸಲ ಓದಿದ. ಮೊದಲ ಸಲ ‘ಸಮಸ್ತ’ ಎಂಬುದೊಂದು ಅರ್ಥವಾಯಿತು. ಮೂರನೆಯ ಸಲಕ್ಕೆ ಅದೂ ಅನುಮಾನವಾಯಿತು.

ಇದರಲ್ಲಿ ಅವನ ತಪ್ಪೇನೂ ಇಲ್ಲ. ನಮ್ಮ ಗ್ರೀಕ್ ದೇಶಕ್ಕೆ ತುರ್ಕರಿಂದ ಬಿಡುಗಡೆ ಸಿಕ್ಕಾಗ ನಮ್ಮ ಪಂಡಿತರಿಗೆ ತಮ್ಮ ತಾಯಂದಿರು ಆಡುತ್ತಿದ್ದ ಮಾತು ನಾಚಿಕೆ ತಂದಿತು. ಅದನ್ನು ತಿಕ್ಕಿ ತೊಳೆದು, ಎರಡು ಸಾವಿರ ವರ್ಷದ ಹಿಂದಿನ ಒಡವೆ ತೊಡಿಸಿ, ‘ಶುದ್ಧ ಭಾಷೆ’ ಎಂದು ಕರೆದರು. ಅಂದಿನಿಂದ ಕಾನೂನು, ಕೋರ್ಟು, ಕಚೇರಿ ಎಲ್ಲವೂ ಅದರಲ್ಲೇ. ರೊಟ್ಟಿ ಅಂಗಡಿಯ ಬೋರ್ಡಿನಲ್ಲಿ ರೊಟ್ಟಿಗೆ ಒಂದು ಹೆಸರು, ಒಳಗೆ ಹೋಗಿ ಕೇಳುವಾಗ ಇನ್ನೊಂದು. ಅದಕ್ಕಾಗಿ ಅಥೆನ್ಸಿನ ಬೀದಿಯಲ್ಲಿ ಜನ ಬಡಿದಾಡಿಕೊಂಡು ಸತ್ತದ್ದೂ ಉಂಟು. ಮೂರು ವರ್ಷದ ಹಿಂದೆ ಅಧಿಕಾರ ಬಿಟ್ಟು ಮನೆಗೆ ಹೋದ ಮಿಲಿಟರಿ ಕರ್ನಲ್‌ಗಳಂತೂ ಬೈಯುವುದನ್ನೂ ಶುದ್ಧ ಭಾಷೆಯಲ್ಲೇ ಬೈಯುತ್ತಿದ್ದರು. ಅದು ನಮ್ಮೂರು ಲಿಥಾರಿಯಲ್ಲಿ ಹಳೇ ಮೇಷ್ಟ್ರೊಬ್ಬರನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸೂ ಊರಿನಲ್ಲಿರಲಿಲ್ಲ. ಒಪ್ಪಿಕೊಂಡರೆ ಕುರಿ ಕಾಯುವವನ ಲೆಕ್ಕಕ್ಕೆ ಸೇರಿದಂತೆ.

“ಏನಯ್ಯಾ ಅದು, ಬಾಗಿಲಿಗೆ ಮುಖ ಕೊಟ್ಟು ನಿಂತಿದ್ದೀಯ?” ಎಂದು ಪಕ್ಕದ ಕ್ಷೌರದಂಗಡಿಯಿಂದ ಜಿಸಿಸ್ ಬಂದ. ಕೈಯಲ್ಲಿ ಕತ್ತಿ ಇತ್ತು. ಒಳಗೆ ಯಾರೋ ಗಿರಾಕಿ ಅರ್ಧ ಗಡ್ಡದಲ್ಲಿ ಕೂತಿದ್ದ.

ಜಿಸಿಸ್ ಕಾಗದದ ಮೇಲೆ ಕಣ್ಣಾಡಿಸಿದ, ತಲೆಯೆತ್ತಿ ಚಪ್ಪರ ನೋಡಿದ, ನಾಲಿಗೆ ಲೊಚಗುಟ್ಟಿದ. “ಹೋಯ್ತು ಬಿಡು.”

“ಏನು ಹೋಯ್ತು?”

“ಚಪ್ಪರ ಕಣಯ್ಯ! ಹೋದ ತಿಂಗಳು ನನ್ನ ಭಾವನ ಕೋಳಿಗೂಡಿಗೂ ಇಂಥದ್ದೇ ಕಾಗದ, ಇದೇ ನೇರಳೆ ಮೊಹರು. ಮಾರನೇ ದಿನ ಕೊಡಲಿ ಹಿಡ್ಕೊಂಡು ಬಂದ್ರು. ಗೂಡು ಒಡೆದ್ರು, ಎರಡು ಕೋಳಿಯೂ ಕಾಣೆ.”

ಅನೆಸ್ತಿಸನ ಅಂಗಡಿಯೊಳಗೆ ಹಿಡಿಯುವುದು ಮೂರೇ ಮೇಜು. ಹೊರಗೆ, ಅಪ್ಪ ನೆಟ್ಟ ದ್ರಾಕ್ಷಿ ಬಳ್ಳಿಯ ಚಪ್ಪರದ ನೆರಳಿನಲ್ಲಿ ಹದಿನಾಲ್ಕು. ಬೇಸಿಗೆಯಿಡೀ ಊರಿನವರು ಕಾಫಿ ಕುಡಿಯುವುದು, ಪಗಡೆಯಾಡುವುದು, ಸರ್ಕಾರ ಉರುಳಿಸುವುದು ಎಲ್ಲವೂ ಅಲ್ಲೇ. ಅದರ ನಾಲ್ಕು ಕಂಬಗಳು ನಿಂತದ್ದು ಮಾತ್ರ ಪುರಸಭೆಯ ರಸ್ತೆಯ ಅಂಚಿನಲ್ಲಿ. ಅಪ್ಪನ ಕಾಲದಿಂದ ಯಾರೂ ಕೇಳಿರಲಿಲ್ಲ.

ಒಳಗಿನಿಂದ ಹೆಂಡತಿ ಪೊಲಿಕ್ಸೇನಿ ಕೈ ಒರೆಸಿಕೊಳ್ಳುತ್ತ ಬಂದಳು. “ಗಾಬರಿ ಯಾಕೆ? ಅರಿಸ್ತಾರ್ಖೊಸ್ ಮೇಷ್ಟ್ರಿಗೆ ತೋರ್ಸು. ಅವರೊಬ್ಬರಿಗೇ ಅದು ಬರೋದು.”

“ಮೇಷ್ಟ್ರು ಮಗಳ ಊರಿಗೆ ಹೋಗಿದ್ದಾರೆ. ಹನ್ನೆರಡೂವರೆ ಬಸ್ಸಿಗೆ ಬರೋದು,” ಎಂದ ಜಿಸಿಸ್. “ಅಲ್ಲಿವರೆಗೆ ಯಾಕೆ ಕಾಯ್ಬೇಕು? ಕ್ಲಿಯೋಮೆನಿಸ್ ಅವರು ಡಿಗ್ರಿ ಮಾಡಿದೋರು.”

ಔಷಧಿ ಅಂಗಡಿಯ ಕ್ಲಿಯೋಮೆನಿಸರು ಕನ್ನಡಕ ಹಾಕಿಕೊಂಡು ಓದಿದರು. ತೆಗೆದು ಒರೆಸಿ ಮತ್ತೆ ಓದಿದರು. ಅಷ್ಟರಲ್ಲಿ ಹತ್ತಾರು ಜನ ಸೇರಿದ್ದರು. ಅಷ್ಟು ಜನರೆದುರು ಡಿಗ್ರಿ ಕಳೆದುಕೊಳ್ಳುವುದು ಅವರಿಗೆ ಸಾಧ್ಯವಿರಲಿಲ್ಲ.

“ಗಂಭೀರ ವಿಷಯ,” ಎಂದರು.

“ಚಪ್ಪರ ತಾನೇ?” ಎಂದ ಜಿಸಿಸ್.

“ಚಪ್ಪರವೂ ಇರಬಹುದು. ಅಂದ್ರೆ... ಇದೆ, ಚಪ್ಪರವೇ.”

“ಯಾವತ್ತಿಗೆ ತೆಗೀಬೇಕಂತೆ?” ಎಂದ ಅನೆಸ್ತಿಸ್.

ಕ್ಲಿಯೋಮೆನಿಸರು ಕಾಗದವಿಡೀ ಹುಡುಕಿ ತಮಗೆ ಗೊತ್ತಿದ್ದ ಒಂದೇ ವಸ್ತುವಿನ ಮೇಲೆ ಬೆರಳಿಟ್ಟರು. “ಹನ್ನೆರಡು ಅಂತ ಸ್ಪಷ್ಟವಾಗಿ ಇದೆಯಲ್ಲಪ್ಪ. ಇವತ್ತು ಹನ್ನೆರಡು ಗಂಟೆಯೊಳಗೆ.”

ಪೊಲಿಕ್ಸೇನಿ ಗಂಡನನ್ನು ಪುರಸಭೆಗೆ ಅಟ್ಟಿದಳು. ಅಲ್ಲಿ ಗುಮಾಸ್ತ ಫೋಕಸ್ ಎಳ್ಳಿನ ಬಳೆರೊಟ್ಟಿ ಮುರಿದು ತಿನ್ನುತ್ತಿದ್ದ.

“ಫೋಕಸ್, ನನ್ನ ಬಾಗಿಲಿಗೆ ಕಾಗದ ಅಂಟಿಸಿದ್ದು ನೀನೇನಾ?”

“ನಾನೇ. ನೆಟ್ಟಗೆ ಅಂಟಿದೆ ತಾನೇ?”

“ಏನು ಬರೆದಿದೆ ಅದರಲ್ಲಿ?”

ಫೋಕಸ್ ಜಗಿಯುವುದನ್ನು ನಿಲ್ಲಿಸಿದ. ಅವನು ಇಪ್ಪತ್ತೆರಡು ವರ್ಷದಿಂದ ಮೇಲಿನಿಂದ ಬಂದದ್ದನ್ನು ಅಕ್ಷರ ಬಿಡದೆ ನಕಲು ಮಾಡಿದವನು. ಅರ್ಥ ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ. “ಗ್ರೀಕಿನಲ್ಲೇ ಬರೆದಿದೆಯಲ್ಲಯ್ಯಾ! ಓದೋಕೆ ಬರಲ್ವಾ?”

“ಬರುತ್ತೆ, ಬರುತ್ತೆ,” ಎಂದ ಅನೆಸ್ತಿಸ್ ಗಡಿಬಿಡಿಯಲ್ಲಿ. “ಖಾತ್ರಿ ಮಾಡ್ಕೊಳ್ಳೋಣ ಅಂತ ಬಂದೆ. ಹಾಗಾದ್ರೆ ಅದರಂತೆ ಮಾಡ್ಲೇಬೇಕಾ?”

“ಸರ್ಕಾರದ ಆಜ್ಞೆ! ಮಾಡದೆ ಬಿಟ್ಟೀಯೆ ಮತ್ತೆ!”

ಅನೆಸ್ತಿಸ್ ತಲೆ ತಗ್ಗಿಸಿಕೊಂಡು ಹಿಂತಿರುಗಿದಾಗ ಗಂಟೆ ಹನ್ನೊಂದು. ಚಪ್ಪರದ ಕೆಳಗೆ ಮದುವೆಮನೆಯಷ್ಟು ಜನ. ಜಿಸಿಸನ ಕೈಯಲ್ಲಿ ಈಗ ಕ್ಷೌರದ ಕತ್ತಿಯ ಬದಲು ಗರಗಸವಿತ್ತು. “ಅವರು ಬಂದು ಒಡೆದ್ರೆ ಮೇಜು ಕುರ್ಚಿನೂ ಬಿಡಲ್ಲ. ನಾವೇ ಬಿಚ್ಚಿದ್ರೆ ಮರವಾದ್ರೂ ಉಳಿಯುತ್ತೆ,” ಎಂದು ಅವನು ಎಲ್ಲರನ್ನೂ ಒಪ್ಪಿಸಿದ್ದ. ನಮ್ಮೂರಿನವರು ಕಟ್ಟುವ ಕೆಲಸಕ್ಕೆ ಕರೆದರೆ ಸೊಂಟನೋವು ಎನ್ನುತ್ತಾರೆ. ಕೆಡವುವುದಕ್ಕೆ ಕರೆಯದೆಯೂ ಬರುತ್ತಾರೆ.

“ಇನ್ನೊಂದೂವರೆ ಗಂಟೆ ಕಾಯ್ರೋ! ಮೇಷ್ಟ್ರು ಬರ್ಲಿ!” ಎಂದು ಪೊಲಿಕ್ಸೇನಿ ಕಂಬ ತಬ್ಬಿಕೊಂಡಳು. ಅವಳನ್ನು ಬಿಡಿಸಿ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ತೊಡೆ ಗಾತ್ರದ ಬಳ್ಳಿಗೆ ಗರಗಸ ಬಿದ್ದಾಗ ಅನೆಸ್ತಿಸ್ ಗೋಡೆಯ ಕಡೆ ತಿರುಗಿ ನಿಂತ. ಅಪ್ಪ ಸತ್ತ ದಿನವೂ ಅವನಿಗೆ ಇಷ್ಟು ದುಃಖವಾಗಿರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೊನೆಯ ಕಂಬ ಉರುಳಿತು. ಹದಿನಾಲ್ಕು ಮೇಜುಗಳ ಮೇಲೆ ಬೆಂಕಿಯಂಥ ಬಿಸಿಲು ಸುರಿಯಿತು. ಸಹಾಯಕ್ಕೆ ಬಂದವರೆಲ್ಲ “ಅಬ್ಬ, ಏನು ಸೆಕೆ!” ಎಂದು ಎದುರುಗಡೆಯ ಮಿಠಾಯಿ ಅಂಗಡಿಯ ನೆರಳಿಗೆ ಹೋಗಿ ಕೂತು ತಣ್ಣನೆಯ ನಿಂಬೆ ಶರಬತ್ತು ತರಿಸಿಕೊಂಡರು.

ಹನ್ನೆರಡೂವರೆ ಬಸ್ಸಿಗೆ ಮೇಷ್ಟ್ರು ಬಂದರು. ನಲವತ್ತು ವರ್ಷ ಊರಿನ ಮಕ್ಕಳ ಬೆರಳ ಗಂಟಿಗೆ ಬೆತ್ತ ಬಾರಿಸಿ ಶುದ್ಧ ಭಾಷೆ ಕಲಿಸಲು ನೋಡಿದವರು. ಎಲ್ಲರೂ ಸೇರಿ ಅವರನ್ನು ಬಾಗಿಲ ಬಳಿಗೆ ಕರೆದೊಯ್ದರು. ಮೇಷ್ಟ್ರು ಕಾಗದ ಓದಿದರು. ಅವರ ಕಣ್ಣಿನಿಂದ ದಳದಳ ನೀರಿಳಿಯಿತು.

“ನೋಡು, ನಿನ್ನ ಚಪ್ಪರಕ್ಕೆ ಮೇಷ್ಟ್ರೂ ಅಳ್ತಿದ್ದಾರೆ,” ಎಂದ ಜಿಸಿಸ್.

“ಯಾವ ಚಪ್ಪರವೋ ದಡ್ಡ!” ಎಂದು ಮೇಷ್ಟ್ರು ಗುಡುಗಿದರು. “ಶುದ್ಧ ಭಾಷೆಯನ್ನ ತೆಗೆದುಹಾಕಿದ್ದಾರಂತೆ! ಇವತ್ತಿಂದ ಕಚೇರಿ ಕಾಗದ ಎಲ್ಲಾ ಆಡುಮಾತಲ್ಲೇ ಬರೀಬೇಕಂತೆ, ಎಲ್ಲರಿಗೂ ಅರ್ಥ ಆಗ್ಲಿ ಅಂತ! ಅಯ್ಯೋ, ಅದನ್ನ ಎಷ್ಟು ಸೊಗಸಾಗಿ ಬರೆದಿದ್ದಾರೆ!”

“ಮತ್ತೆ... ಹನ್ನೆರಡು?” ಎಂದ ಅನೆಸ್ತಿಸ್.

“ಸುತ್ತೋಲೆ ನಂಬರು.”

“ನನ್ನ ಬಾಗಿಲಿಗೇ ಯಾಕೆ ಅಂಟಿಸಿದ್ರು?”

“ಊರಿನವರೆಲ್ಲ ಬಂದು ಕೂರೋ ಜಾಗ ಇದೇ ಅಲ್ವೇನೋ,” ಎಂದು ಮೇಷ್ಟ್ರು ಸುತ್ತ ನೋಡಿದರು. “ಹೌದು, ಚಪ್ಪರ ಎಲ್ಲಿ?”

ತನಗೆ ಮೊದಲಿಂದಲೂ ಅನುಮಾನವಿತ್ತು ಎಂದ ಜಿಸಿಸ್. ತಾವು ‘ಇರಬಹುದು’ ಎಂದಿದ್ದನ್ನು ಕ್ಲಿಯೋಮೆನಿಸರು ಎಲ್ಲರಿಗೂ ನೆನಪಿಸಿದರು. ಪೊಲಿಕ್ಸೇನಿ ಇಬ್ಬರಿಗೂ ಹೇಳಿದ ಮಾತು ಮಾತ್ರ ಅಚ್ಚ ಆಡುಭಾಷೆಯದು. ಇಲ್ಲಿ ಬರೆಯುವಂಥದ್ದಲ್ಲ.

ಅನೆಸ್ತಿಸ್ ಬಿಸಿಲಲ್ಲೇ ಮತ್ತೆ ಪುರಸಭೆಗೆ ಓಡಿದ. “ಫೋಕಸ್, ಚಪ್ಪರ ತಪ್ಪಿ ಬಿಚ್ಚಿಬಿಟ್ವಿ. ಸಂಜೆಯೊಳಗೆ ಕಂಬ ವಾಪಸ್ ನಿಲ್ಲಿಸ್ತೀನಿ. ಬಳ್ಳಿಯ ಬೇರು ಜೀವಂತ ಇದೆ, ಚಿಗುರುತ್ತೆ. ಒಂದು ಮಾತು ಹೇಳಿಬಿಡಪ್ಪ.”

“ಹಳೇದಾಗಿದ್ರೆ ಯಾರೂ ಕೇಳ್ತಿರ್ಲಿಲ್ಲ. ಹೊಸದಾಗಿ ನಿಲ್ಲಿಸ್ಬೇಕಾದ್ರೆ ಅಧ್ಯಕ್ಷರನ್ನ ಕೇಳ್ಬೇಕು,” ಎಂದು ಫೋಕಸ್ ಒಳಗೆ ಹೋದ. ಹತ್ತು ನಿಮಿಷದಲ್ಲಿ ಮೊಹರು ಒತ್ತಿದ ಕಾಗದ ಹಿಡಿದುಕೊಂಡು ಬಂದ. ಅವನ ಮುಖ ಬೆಳಗುತ್ತಿತ್ತು. “ಇನ್ನು ಆಡುಮಾತಲ್ಲೇ ಬರಿ ಅಂದ್ರು ಅಧ್ಯಕ್ಷರು. ಹೊಸ ಪದ್ಧತಿಯಲ್ಲಿ ಬರೆದ ಮೊದಲ ಕಾಗದ ಕಣಯ್ಯ! ನಾನೇ ಬರೆದೆ, ನನಗೇ ಅರ್ಥ ಆಯ್ತು!”

ಅನೆಸ್ತಿಸ್ ಕಾಗದ ಹಿಡಿದು ಮೆಟ್ಟಿಲಿಳಿದ. ಕೆಳಗೆ ಇಡೀ ಊರು ಕಾದು ನಿಂತಿತ್ತು. ಜಿಸಿಸ್ ಮುಂದೆ ನುಗ್ಗಿ ಕೈ ಚಾಚಿದ. “ಕೊಡಿಲ್ಲಿ, ಏನು ಬರೆದಿದ್ದಾರೆ ಹೇಳ್ತೀನಿ.” ಕ್ಲಿಯೋಮೆನಿಸರು ಆಗಲೇ ಕನ್ನಡಕ ಒರೆಸತೊಡಗಿದ್ದರು.

“ಬೇಡ,” ಎಂದ ಅನೆಸ್ತಿಸ್. “ನನಗೇ ಅರ್ಥ ಆಯ್ತು.”

ಕಾಗದದಲ್ಲಿ ಹೀಗಿತ್ತು: ‘ಅನೆಸ್ತಿಸ್, ರಸ್ತೆ ಊರಿನದು. ಅಲ್ಲಿ ಚಪ್ಪರ ಹಾಕಬೇಡ.’