ಇನ್ನೂರು ಸಲ ಸತ್ತ ಅಕ್ಕೋರು

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ. ಮೈಸೂರು, ಎಂಟನೇ ಕ್ಲಾಸು. ಅಲ್ಲಿಂದ ಸೀದಾ ಹೋಟೆಲ್ ಸೇರಿದವನು ಮತ್ತೆ ಯಾವ ಮೇಷ್ಟ್ರ ಮುಂದೆಯೂ ಕೈಕಟ್ಟಿ ನಿಂತಿಲ್ಲ. ದೋಸೆ ಹುಯ್ಯುತ್ತಲೇ ಲಂಡನ್ನಿಗೆ ಬಂದೆ, ಕ್ರೋಯ್ಡನ್ನಿನಲ್ಲಿ ಸ್ವಂತ ಅಂಗಡಿ ಇಟ್ಟೆ. ‘ನನಗೆ ಗುರುವೇ ಇಲ್ಲ’ ಎಂದು ಎದೆ ಸೆಟೆಸಿ ಹೇಳಿಕೊಳ್ಳುತ್ತಿದ್ದೆ. ಆ ಎದೆಗೆ ಗುದ್ದಿದವರು ಒಬ್ಬ ಹೆಂಗಸು. ಸಾಮಾನ್ಯ ಹೆಂಗಸಲ್ಲ, ಅವರದೇ ಲೆಕ್ಕದಲ್ಲಿ ಇನ್ನೂರು ಸಲ ಸತ್ತವರು!

ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಅವರು ನನ್ನ ಅಂಗಡಿಯ ಮೇಲಿನ ಫ್ಲ್ಯಾಟಿಗೆ ಬಂದ ಮೂರನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಮೇಲಿಂದ ಒಂದು ಚೀತ್ಕಾರ. ಖೂನಿಯೇ ಆಯಿತೆಂದು ದೋಸೆ ಮಗುಚುವ ಸಟ್ಟುಗ ಹಿಡಿದೇ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಎಪ್ಪತ್ತು ದಾಟಿದ ಹೆಂಗಸು ಇಳಕಲ್ ಸೀರೆಯುಟ್ಟು ಕಾರ್ಪೆಟ್ಟಿನ ಮೇಲೆ ಅಂಗಾತ ಬಿದ್ದಿದ್ದಾರೆ; ಪಕ್ಕದಲ್ಲೇ ಒಬ್ಬ ಬಿಳಿಯ ನಿಶ್ಚಿಂತೆಯಿಂದ ಪಿಯಾನೋ ನುಡಿಸುತ್ತಿದ್ದಾನೆ! ಪೊಲೀಸರಿಗೆ ಫೋನ್ ಮಾಡಲು ಜೇಬು ತಡಕಿದೆ. ಅಷ್ಟರಲ್ಲಿ ಹೆಣ ಒಂದು ಕಣ್ಣು ತೆರೆಯಿತು.

“ಇನ್ನೂ ಮೂರು ನಿಮಿಷ ಹಾಡೋದದ ತಮ್ಮಾ, ಆಮ್ಯಾಲೆ ಸಾಯ್ತೀನಿ. ಕೆಳಗ ಚಟ್ನಿ ಆಗೇದೇನು?”

ಒಪೆರಾ ಎಂಬ ಇಲ್ಲಿನ ಹಾಡುನಾಟಕವೆಂದರೆ ಹಾಗೇ ಅಂತೆ. ಚೂರಿ ತಿಂದವಳೂ ಕಾಲು ಗಂಟೆ ಹಾಡಿಯೇ ಪ್ರಾಣ ಬಿಡಬೇಕು. ನನ್ನ ಅಂಗಡಿಯಲ್ಲಿ ಬೆರಳು ಸುಟ್ಟುಕೊಂಡವನೂ ಇಷ್ಟು ಹೊತ್ತು ಕೂಗುವುದಿಲ್ಲ!

ಧಾರವಾಡದಿಂದ ಡಾಕ್ಟರ್ ಗಂಡನ ಜೊತೆ ಬಂದವರು, ಇಲ್ಲೇ ಈ ಹಾಡು ಕಲಿತು, ಹತ್ತು ವರ್ಷ ಗುಂಪಿನ ಹಿಂದೆ ನಿಂತು ಹಾಡಿ, ಕೊನೆಗೆ ಸಾಯುವ ಪಾತ್ರಕ್ಕೆ ಬಡ್ತಿ ಪಡೆದರು. ಮೊದಲ ಸಾವಿನ ದಿನ ಗಂಡ ಮುಂದಿನ ಸಾಲಿನಲ್ಲಿ ಕೂತು, “ಕ್ಷಯ ಆದಾಕಿಗೆ ಇಷ್ಟ್ ಉಸಿರು ಎಲ್ಲಿಂದ ಬರ್ತದ?” ಎಂದು ಜೋರಾಗಿ ಕೇಳಿದರಂತೆ. ಸತ್ತವಳ ಹೊಟ್ಟೆ ಪರದೆ ಬೀಳುವವರೆಗೂ ನಗುವಿಗೆ ಕುಣಿಯುತ್ತಿತ್ತಂತೆ! ಗಂಡ ತೀರಿದ ಮೇಲೆ ಪಾಠ ಹೇಳುತ್ತಾರೆ. ‘ಮೇಡಂ’ ಎಂದರೆ ಉರಿದುಬೀಳುತ್ತಾರೆ. ಅವರ ಊರ ಕಡೆ ಟೀಚರನ್ನು ಕರೆಯುವಂತೆ ‘ಅಕ್ಕೋರು’ ಎನ್ನಬೇಕು, ಇಂಗ್ಲಿಷರೂ ಸೇರಿ.

ಪಾಠವಾದರೂ ಎಂಥದ್ದು? ನನ್ನ ಅಂಗಡಿಯ ದಾಸ್ತಾನಿನಿಂದಲೇ ಐದೈದು ಕಿಲೋದ ನಾಲ್ಕು ಸೋನಾ ಮಸೂರಿ ಅಕ್ಕಿ ಚೀಲ ಕೊಂಡರು. ಒಂಟಿ ಹೆಂಗಸಿಗೆ ಇಷ್ಟು ಅಕ್ಕಿ ಯಾಕೆಂದು ಮೇಲೆ ಹೋಗಿ ನೋಡಿದರೆ, ನಾಲ್ಕು ಜನ ಸಾಲಾಗಿ ಮಲಗಿದ್ದಾರೆ, ಒಬ್ಬೊಬ್ಬರ ಹೊಟ್ಟೆಯ ಮೇಲೂ ಒಂದೊಂದು ಚೀಲ! ಹೊಟ್ಟೆಯಿಂದ ಉಸಿರೆಳೆಯುವ ಅಭ್ಯಾಸವಂತೆ: ಏರುತ್ತಿದೆ, ಇಳಿಯುತ್ತಿದೆ. ಆ ಅಕ್ಕಿಯನ್ನು ಆಮೇಲೆ ಅವರೇ ಉಂಡರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಅಕ್ಕಿಗಿಂತ ದೊಡ್ಡ ಆಘಾತ ಕಾದಿತ್ತು. ನಮ್ಮ ಹೋಟೆಲ್ ಕಸುಬಿನಲ್ಲಿ ಒಂದು ಪದ್ಧತಿ: ಹೊರಗೆ ನಿಂತವನು ಆರ್ಡರ್ ಕೂಗಿದರೆ, ಹಂಚಿನ ಮುಂದಿರುವವರು ಅದನ್ನೇ ತಿರುಗಿ ಕೂಗಬೇಕು. ಉತ್ತರ ಬಾರದಿದ್ದರೆ ದೋಸೆಯಿಲ್ಲ. ಲಂಡನ್ನಿನಲ್ಲೂ ನಾನದನ್ನು ಬಿಟ್ಟಿಲ್ಲ. ಶನಿವಾರ ಹಂಚಿನ ಹತ್ತಿರ ನನ್ನ ಮಗಳು. ನಾನು “ಎರಡ್ ಮಸಾಲೇ!” ಎಂದರೆ ಅವಳು “ಟೂ ಮಸಾಲಾ!” ಎನ್ನುತ್ತಾಳೆ. ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಂದ ಇಂಗ್ಲಿಷೇ ಬರುತ್ತದೆ.

ಒಂದು ಶನಿವಾರ ಅಕ್ಕೋರು ಶಿಷ್ಯರನ್ನೆಲ್ಲ ಅಡುಗೆಮನೆಗೇ ನುಗ್ಗಿಸಿದರು. “ಇವನ್ನ ಕೇಳ್ರಿ! ಹಂಚು ಚುಂಯ್ ಅಂತದ, ಫ್ಯಾನು ಗುಂಯ್ ಅಂತದ, ಆದ್ರೂ ಇವನ ದನಿ ಹೋಗಿ ಗ್ವಾಡಿಗೆ ಬಡೀತದ. ಚೀರೂದಲ್ಲ, ಕಳಸೂದು!” ನಾನು ಹೆಮ್ಮೆಯಿಂದ ಉಬ್ಬಿದೆ. ಆಗಲೇ ಗುಂಡು ಹಾರಿಸಿದರು: “ಮಗಳಿಗೂ ಅದ ಬಂದದ. ವರ್ಷದಿಂದ, ನೀ ಮಾರ್ಕೆಟ್ಟಿಗೆ ಹೋದಾಗೆಲ್ಲ, ನನ್ನ ಹತ್ರ ಹಾಡ್ಲಿಕ್ಕೆ ಹತ್ಯಾಳ.”

ಕೈಯಲ್ಲಿದ್ದ ತಟ್ಟೆ ಬಿತ್ತು! ನಾನು ಕಲಿಯದ್ದನ್ನೆಲ್ಲ ಕಲಿತು ಡಾಕ್ಟರಾಗಲಿ ಎಂದು, ಪ್ರವೇಶ ಪರೀಕ್ಷೆ ಗೆದ್ದವರಿಗಷ್ಟೇ ಸೀಟು ಕೊಡುವ ಸಟನ್ನಿನ ಗ್ರಾಮರ್ ಶಾಲೆಗೆ ಹಾಕಿದ ಮಗಳು!

“ಅಕ್ಕೋರೇ, ಜೀವ ಉಳಿಸೋದು ಕಲೀಲಿ ಅಂತ ಕಳಿಸಿದ್ರೆ, ನೀವು ಸಾಯೋದು ಕಲಿಸ್ತಿದ್ದೀರಲ್ಲ!”

“ಅಪ್ಪಾ, ಮ್ಯೂಸಿಕ್ ಕಾಲೇಜ್, ಜಸ್ಟ್ ಒನ್ ಆಡಿಷನ್,” ಎಂದಳು ಮಗಳು. “ಪ್ಲೀಸ್.”

“ಒಂದೇ ಸಲ ಹಾಡಿ ತೋರಿಸು,” ಎಂದೆ. “ಸೀಟು ಸಿಗದಿದ್ರೆ ಬಾಯಿ ಮುಚ್ಕೊಂಡು ಮೆಡಿಕಲ್.”

ಆ ದಿನ ಮೂವರೂ ರೈಲಿನಲ್ಲಿ ವಿಕ್ಟೋರಿಯಾಕ್ಕೆ, ಅಲ್ಲಿಂದ ಸಂಗೀತ ಕಾಲೇಜಿಗೆ ಹೋದೆವು. ಮಗಳು ಒಳಗೆ, ನಾನೂ ಅಕ್ಕೋರೂ ಹೊರಗೆ ಬೆಂಚಿನ ಮೇಲೆ. ಪಿಯಾನೋ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮಗಳ ದನಿಯೇ ಇಲ್ಲ. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಸಂತೋಷವಾಯಿತು. ಮರುಗಳಿಗೆ ಬೆಂಚಿನ ತುದಿಗೆ ಜರುಗಿ ಬಾಗಿಲ ಕಡೆ ಕಿವಿಗೊಟ್ಟೆ. ಅಕ್ಕೋರು ನನ್ನ ತೋಳು ಚಿವುಟಿದರು.

“ಆಕಿ ಉಸಿರು ಸಿಕ್ಕೊಂಡದ. ಕೂಗೋ!”

“ಏನಂತ?”

“ನಿನಗ ಬರೂದ ಒಂದ. ಕೂಗು!”

ಎದ್ದು ನಿಂತೆ. “ಎರಡ್ ಮಸಾಲೇ…!”

ಕಾರಿಡಾರಿನವರೆಲ್ಲ ಬೆಚ್ಚಿದರು. ಆಮೇಲೆ ಒಳಗಿನಿಂದ, ಗೋಡೆ ದಾಟಿ, ತುಂಬಿದ ದನಿಯಲ್ಲಿ, ಹುಟ್ಟಿದ ಮೇಲೆ ಮೊದಲ ಸಲ ಕನ್ನಡದಲ್ಲೇ ಉತ್ತರ ಬಂತು: “ಎರಡ್ ಮಸಾಲೇ!”

ಒಬ್ಬ ಪರೀಕ್ಷಕ ಗಾಬರಿಯಿಂದ ತಲೆ ಹೊರಹಾಕಿದ. ಅಕ್ಕೋರು ಅವನಿಗೆ ಅಚ್ಚ ಧಾರವಾಡ ಕನ್ನಡದಲ್ಲಿ, “ಬಾಗಲಾ ಹಾಕ್ರಿ, ಹಾಡ್ತಾಳ ಈಗ,” ಎಂದರು. ಹಾಕಿದ! ಹಾಡಿದಳು. ಎಷ್ಟು ಹೊತ್ತೋ ಗೊತ್ತಿಲ್ಲ, ನಾನು ಕೂತಿರಲೇ ಇಲ್ಲ.

ತಿರುಗಿ ನೋಡಿದರೆ ಇನ್ನೂರು ಸಲ ಕಣ್ಣು ಒದ್ದೆಯಾಗದೆ ಸತ್ತವರು ಸೆರಗಿನಿಂದ ಮುಖ ಒರೆಸುತ್ತಿದ್ದರು.

“ಧಾರವಾಡದಾಗ ನಾ ಹಾಡೋವಾಗ ನಮ್ಮಪ್ಪ ಒಂದ್ ಸಲಾನೂ ಬಂದು ಬಾಗಲದಾಗ ನಿಂದರಲಿಲ್ಲೋ ತಮ್ಮಾ.”

ನಾನು ಅವರ ಮುಂದೆ ಕೈಕಟ್ಟಿ ನಿಂತೆ.

ಈಗ ನನಗಿರುವುದು ಇಷ್ಟು: ಅಂಗಡಿ ಒಂದು. ಹಂಚು ಎರಡು. ಮನೆಯಲ್ಲಿ ಡಾಕ್ಟರು ಯಾರೂ ಇಲ್ಲ. ಸಂಗೀತ ಕಾಲೇಜಿಗೆ ಹೋಗುವ ಮಗಳು ಒಬ್ಬಳು. ಗುರು ಒಬ್ಬರು.