ಹಡಗಿನ ಹಲಗೆಯೂ ನನ್ನ ಸಿಟ್ಟೂ

ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕೆಂದು ಉಪದೇಶ ಮಾಡುವವರ ಮೇಲೆ ನನಗೆ ಮೊದಲು ಸಿಟ್ಟು ಬರುತ್ತದೆ. ನಾನು ಎಣಿಸಿ ನೋಡಿದವನು. ಏಳಕ್ಕೆ ಬರುವಷ್ಟರಲ್ಲಿ ಸಿಟ್ಟು ಇಮ್ಮಡಿಯಾಗಿ, ಮುಂದಿನ ಅಂಕಿ ಯಾವುದೆಂಬುದೇ ಮರೆತುಹೋಗುತ್ತದೆ. ಜಮಖಂಡಿ ಸಂಸ್ಥಾನದ ಶಾಲೆಯೊಂದರಲ್ಲಿ ನಾನು ಚಿತ್ರಕಲೆಯ ಮಾಸ್ತರನಾಗಿದ್ದ ದಿನಗಳಲ್ಲಿ ಸಿಟ್ಟಿಗೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಮನೆಯ ತುಂಬ ಕೂತು ಕಾಡಿದ್ದು ಆ ಕಟ್ಟಿಗೆಯ ಹಡಗು ಒಂದೇ.

ಹೆಡ್‌ಮಾಸ್ತರರು ಒಂದು ದಿನ ಕರೆಸಿ, "ಪ್ರದರ್ಶನಕ್ಕ ಅರಮನಿಯವರು ಬರೂದದ. ನೀವೊಂದು ಹಡಗ ಮಾಡ್ರಿ" ಎಂದರು.

"ನಾ ಸಮುದ್ರನ ನೋಡಿಲ್ರಿ, ಸರ."

"ಹೋದ ವರ್ಷ ಸಿಂಹ ನೋಡಿ ಮಾಡಿದ್ರೇನು?"

ಮಾತು ನಿಜ. ಆ ಸಿಂಹವನ್ನು ಎಲ್ಲರೂ ನಾಯಿಯೆಂದೇ ಹೊಗಳಿದ್ದರೆಂಬುದೂ ನಿಜ. ಈ ಸಲ ಮಾನ ಉಳಿಸಿಕೊಳ್ಳಲೇಬೇಕಾಗಿತ್ತು.

ಮುಂಬಯಿಯಲ್ಲಿದ್ದ ನನ್ನ ಚಿಕ್ಕಪ್ಪನ ಮಗ ಒಂದು ನಕ್ಷೆ, ಮರ ಹೆರೆಯುವ ಹೆಬ್ಬೆರಳಿನಷ್ಟು ಕೀಸುಳಿ, ಇರುವೆಯ ಹಲ್ಲಿನಂಥ ಹಲ್ಲುಗಳ ಗರಗಸ ಕಳಿಸಿದ. ಹಡಗಿನ ಬೆನ್ನೆಲುಬಿನಂಥ ಅಡಿಯ ದಿಂಡನ್ನು ಕೆತ್ತಿದೆ. ಅದಕ್ಕೆ ಮೀನಿನ ಮುಳ್ಳಿನಂತೆ ಪಕ್ಕೆಲುಬುಗಳನ್ನು ಅಂಟಿಸಿದೆ. ಹಗ್ಗಗಳಿಗೆಂದು ಬನಹಟ್ಟಿಯ ನೇಕಾರರಿಂದ ನೂಲು ತಂದಿಟ್ಟೆ. ಇಲ್ಲಿಯವರೆಗೆ ನಾನು ದೇವರಂಥ ಮನುಷ್ಯ. ಮುಂದೆ ಪಕ್ಕೆಲುಬುಗಳ ಮೇಲೆ ಹಲಗೆ ಹೊದಿಸುವ ಕೆಲಸ ಬಂತು. ತೇಗದ ತುಂಡನ್ನು ಆ ಗರಗಸದಿಂದ ತೆಳ್ಳಗೆ ಕೊಯ್ದು, ನೀರಿನಲ್ಲಿ ನೆನೆಸಿ, ಒಲೆಯ ಮೇಲಿನ ಹಬೆಗೆ ಹಿಡಿದು, ಹಡಗಿನ ಮೂತಿಯ ಕಡೆ ಮೆಲ್ಲನೆ ಬಗ್ಗಿಸಬೇಕು. ಬಗ್ಗಿಸಿದೆ. ಟಕ್ಕನೆ ಮುರಿಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಟಕ್.

ಮುರಿದ ಹಲಗೆಗೆಲ್ಲ ನಾನು ಒಬ್ಬೊಬ್ಬ ಅಪರಾಧಿಯನ್ನು ಹುಡುಕಿದೆ. ತೇಗ ಮಾರಿದವನು ಕಳ್ಳ, ನಕ್ಷೆ ಬರೆದವನು ಮೂರ್ಖ. ನನ್ನ ಹೆಂಡತಿ ಅಂಬಕ್ಕನೋ, ಬೇಕೆಂದೇ ಉರಿ ತಗ್ಗಿಸುವವಳು.

"ಸುಡುಗಾಡು ಒಲಿ! ಹಬಿನ ಬರವೊಲ್ದು!" ಎಂದು ಕೂಗಿದೆ.

"ಮೂರ ದಿನಾ ಆತು, ಅನ್ನದ ಗಡಗಿ ಇಳಿಸಿ ನಿಮ್ಮ ಹಲಗಿ ಬೇಯಿಸಾಕತ್ತೇನಿ. ಇವತ್ತ ಅದನ್ನ ಉಣ್ರಿ" ಎಂದಳು ಅವಳು.

ಸಿಟ್ಟಿನಲ್ಲಿ ಮುಂದಿನ ಹಲಗೆಯನ್ನು ಬಗ್ಗಿಸಿದೆನೋ ಇಲ್ಲವೋ, ಮುರಿದ ತುಂಡು ಹಾರಿ ಹೊರಗಿನ ಕಟ್ಟೆಗೆ ಬಿತ್ತು. ಅಲ್ಲಿ ಮೊರ, ಬುಟ್ಟಿ ಮಾರುವ ಹೆಂಗಸು ಕೂತಿದ್ದಳು. ಹತ್ತು ವರ್ಷದಿಂದ ನಮ್ಮ ಓಣಿಗೆ ಬರುವವಳು. ತುಂಡನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿ ನಕ್ಕಳು.

"ಮಾಸ್ತರ, ಇದನ್ನ ಕೊಯ್ದೀರೇನ್ರಿ?"

"ಕೊಯ್ಯದ ಏನ ಹಲ್ಲಲೆ ಕಡೀಲಿ?"

"ಕಟ್ಟಿಗ್ಯಾಗಿನ ಎಳಿ ಹೋದತ್ತ ಸೀಳಬೇಕ್ರೀ. ನೀವು ಎಳೀನ ನಡುವ ಕಡದೀರಿ. ಅದು ಹ್ಯಾಂಗ ಬಾಗತೈತಿ?"

ಸರಕಾರದ ಪಗಾರ ತೆಗೆದುಕೊಳ್ಳುವ ನನಗೆ ಬುಟ್ಟಿಯವಳು ಪಾಠ ಹೇಳುವುದೇ? ತೇಗದ ತುಂಡನ್ನು ಅವಳ ಮುಂದೆ ದೊಪ್ಪನೆ ಇಟ್ಟು, "ಹಂಗಾರ ನೀನ ಮಾಡು" ಎಂದೆ. ಅವಳು ಬಿದಿರು ಸೀಳುವ ಕತ್ತಿಯನ್ನು ತುಂಡಿನ ತಲೆಗೆ ಊರಿ, ಮೇಲೆ ಒಂದು ಏಟು ಕೊಟ್ಟಳು. ಎಳೆಯ ಗುಂಟ ಸೀಳು ಉದ್ದಕ್ಕೆ ಓಡಿತು. ಆ ಪಟ್ಟಿಯನ್ನು ನಾನು ಕೀಸಿ ತೆಳ್ಳಗೆ ಮಾಡಿದೆ. ಹಬೆ ಹಿಡಿದು ಬಗ್ಗಿಸಿದರೆ ಅದು ಮಾತು ಕೇಳುವ ಕೂಸಿನಂತೆ ಹಡಗಿನ ಮೂತಿಗೆ ಒರಗಿಕೊಂಡಿತು. ಮುರಿಯಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದ ನನಗೆ ಭಾರೀ ಸಿಟ್ಟು ಬಂತು. ಅವಳು ಎರಡು ದಿನ ಬಂದು ಪಟ್ಟಿಗಳನ್ನೆಲ್ಲ ಸೀಳಿಕೊಟ್ಟು ಹೋದಳು.

ಪ್ರದರ್ಶನದ ದಿನ ಅರಮನೆಯ ಅಧಿಕಾರಿಯೊಬ್ಬರು ಹಡಗಿನ ಮುಂದೆ ನಿಂತು, "ಹಲಗಿ ಏನ ಛಲೋ ಬಗ್ಗಿಸೀರಿ! ಹ್ಯಾಂಗ ಮಾಡಿದ್ರಿ?" ಎಂದು ಕೇಳಿದರು. ನಾನು ಎದೆಯುಬ್ಬಿಸಿ, ಎಳೆಯೆಂದರೇನು, ಕೊಯ್ಯುವುದಕ್ಕೂ ಸೀಳುವುದಕ್ಕೂ ಇರುವ ಅಂತರವೇನು ಎಂದು ದೊಡ್ಡ ವ್ಯಾಖ್ಯಾನವನ್ನೇ ಮಾಡಿದೆ. ಎಲ್ಲರೂ ತಲೆದೂಗಿದರು. ಹೆಂಗಸರ ಸಾಲಿನಲ್ಲಿ ನಿಂತಿದ್ದ ಅಂಬಕ್ಕ ಮಾತ್ರ ದೂಗಲಿಲ್ಲ. ಮನೆಗೆ ಬಂದ ಮೇಲೂ ಬಾಯಿ ಬಿಡಲಿಲ್ಲ. ಬಡಿಸಿದಳು, ಎದ್ದು ಹೋದಳು. ಬೈದಿದ್ದರೆ ತಿರುಗಿ ಬಯ್ಯಬಹುದಾಗಿತ್ತು. ಸುಮ್ಮನಿರುವವಳನ್ನು ಏನು ಮಾಡುವುದು?

ಮರುದಿನ ಬುಟ್ಟಿಯವಳ ಗುಡಿಸಲಿಗೆ ಹೋಗಿ ಹೇಳಿಯೇಬಿಟ್ಟೆ: "ತಪ್ಪಾತವ್ವ. ನಿನ್ನಿ ಅರಮನಿಯವರ ಮುಂದ ನಿನ್ನ ಹೆಸರು ಹೇಳಬೇಕಿತ್ತು. ಹೇಳಲಿಲ್ಲ."

ಅವಳು ಬಿದಿರು ಸೀಳುತ್ತಲೇ ಕೇಳಿದಳು: "ನನ್ನ ಹೆಸರು ನಿಮಗ ಗೊತ್ತೈತೇನ್ರಿ?"

ಅವಸರದ ಕೆಲಸವಿದ್ದವನಂತೆ ಮನೆಗೆ ಬಂದು, ಬುಟ್ಟಿಯವಳ ಹೆಸರೇನೆಂದು ಅಂಬಕ್ಕನನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನನಗ ಗೊತ್ತೈತಿ. ನೀವು ಹೋಗಿ ಅಕೀನ್ನ ಕೇಳ್ರಿ."

ಸಿಟ್ಟಿನಿಂದ ರುಮಾಲು ಸುತ್ತಿಕೊಂಡು, ಆ ಬಿಸಿಲಲ್ಲಿ ಮತ್ತೆ ಹೋಗಿ ಕೇಳಿದೆ. ಶಿವಗಂಗವ್ವ ಅಂತೆ.

ಇದನ್ನು ಬರೆಯುತ್ತಿರುವಾಗ ಅಂಬಕ್ಕ ಹಿಂದಿನಿಂದ ಇಣುಕಿ ಓದಿ, "ಅಕೀ ಹೆಸರು ಮದಲ ಬರೀಬೇಕಿತ್ತು, ಕಡೀಕಲ್ಲ" ಎಂದಳು. ಅವಳ ಮಾತು ಖರೆ ಎಂಬುದಕ್ಕೇ ನನಗೀಗ ಮೈಯೆಲ್ಲ ಉರಿಯುತ್ತಿದೆ.